ಹಸಿರು ಟ್ಯಾಗು

ಜುಬೈಲ್. ಪಾಳಿ ಮುಗಿಸಿದ ಬಸ್ಸು
ಪೈಪುಗಳ ನಡುವೆ ತೆವಳುತ್ತಿತ್ತು.
ಐಡಿ ಕಾರ್ಡಿನ ಬೆನ್ನಿಗೆ ಕಂಪನಿ ಅಚ್ಚು ಹಾಕಿಸಿದ ನಂಬರು:
‘ಮನಸ್ಸು ಭಾರವೆ? ಕನ್ನಡಕ್ಕೆ ಆರು ಒತ್ತಿ.’

ಒತ್ತಿದೆ.
ಆ ಕಡೆ ಸಫೂರಾ ಅಂತೆ, ಭಟ್ಕಳದ ಮಾತು.
‘ನಿದ್ದೆ ಬರತ್ತಾ?’ ಅಂದರು.
ನಾನು ಅಟ್ಟಣಿಗೆಯ ವಿಷಯ ಶುರು ಮಾಡಿದೆ.
ಕ್ಲಾಂಪು ಹೇಗೆ ತಟ್ಟಿ ನೋಡಬೇಕು,
ಹಲಗೆ ಎಷ್ಟು ಬೆರಳು ಹೊರಚಾಚಬೇಕು,
ಮರಳಲ್ಲಿ ಕಂಬದ ಕಾಲು
ಯಾರಿಗೂ ಹೇಳದೆ ಹೇಗೆ ಕುಸಿಯತ್ತೆ.
ನಲವತ್ತು ನಿಮಿಷ.
ಪಾಪ, ಹೂಂಗುಟ್ಟಿದರು.

‘ಅವತ್ತು ಟೇಕ್‌ಬಹದ್ದೂರ್ ಹತ್ತಿದ್ದಕ್ಕೆ
ಹಸಿರು ಟ್ಯಾಗು ಕಟ್ಟಿದ್ದು
ನಾನೇ’
ಅನ್ನುವಾಗ ನೋಡಿದರೆ
ಕ್ಯಾಂಪು ಬಂದು ಎಷ್ಟೋ ಹೊತ್ತಾಗಿತ್ತು, ಸೀಟೆಲ್ಲ ಖಾಲಿ.

ಡ್ರೈವರು ಒಳದೀಪ ಆರಿಸಿದ್ದ.
ಎಸಿ ಆರಿಸದೆ,
ಹಿಂದೆ ತಿರುಗಿಯೂ ನೋಡದೆ
ಕೂತಿದ್ದ.