ಖಾಲಿ ತೂಕ

ಚೀಲದ ಮೇಲೆ ಬರೆದಿತ್ತು: ಎರಡು ಕೆಜಿ ಎಂಟುನೂರು ಗ್ರಾಂ.
ಬರೆದದ್ದನ್ನು ನಂಬುವವನಲ್ಲ ನಾನು.
ಹತ್ತೊಂಬತ್ತು ವರ್ಷ ಕಾಟಾದ ಕಿಟಕಿಯಲ್ಲಿ ಕೂತು
ಬರುವ ಲಾರಿ ಖಾಲಿ ಎಷ್ಟು, ಹೋಗುವ ಲಾರಿ ತುಂಬಿ ಎಷ್ಟು,
ಕಳೆದು ಉಳಿದದ್ದೇ ಅದಿರು ಎಂದು
ಚೀಟಿ ಹರಿದು ಕೊಟ್ಟವನು.
ಆದರೂ ಶನಿವಾರ ಮಧ್ಯಾಹ್ನ
ಹೊನ್ನೂರಸಾಬನ ಅಳಿಯ ಎರವಲು ಕೊಟ್ಟ ಡೇರೆಯನ್ನು
ಟಂಟಂ ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು
ಸಂಡೂರು ದಾಟುವಾಗ, ಹೌದಲ್ಲ ಅನ್ನಿಸಿತು.
ತನುಜಾ ಹುಟ್ಟಿದ ದಿನ ಆಸ್ಪತ್ರೆಯ ತಕ್ಕಡಿ
ತೋರಿಸಿದ್ದೂ ಹೆಚ್ಚುಕಡಿಮೆ ಅಷ್ಟೇ.

ಮಾಗಿ. ನಾರಿಹಳ್ಳದ ನೀರು ಹಿಂದೆ ಸರಿದಿತ್ತು,
ವಾರಕ್ಕೊಂದು ಗೆರೆ ಎಳೆದು
ಒಂದೊಂದೇ ಮೆಟ್ಟಿಲು ಇಳಿದು ಹೋದ ಹಾಗೆ.
ಗೂಟ ಇಳಿಯಲಿಲ್ಲ. ನೆಲವೆಲ್ಲ ಕಬ್ಬಿಣದ ಕಲ್ಲು,
ಹೊಡೆದರೆ ಶಾಲೆ ಬಿಟ್ಟಂತೆ ಗಂಟೆ.
ಹುಲಿಗೆಮ್ಮ ಬಂದು ಗೂಟ ಕಿತ್ತೆಸೆದು
ಮೂಲೆಗೊಂದು ಗುಂಡು ಉರುಳಿಸಿ ಹಗ್ಗ ಸುತ್ತಿದಳು.
"ಕಲ್ಲಿನ ಊರಾಗ ಕಲ್ಲಿಗೇ ಕಟ್ಟಬೇಕ್ರಿ."

ಇಬ್ಬರ ಡೇರೆ. ನಾವು ನಾಲ್ವರು.
ಓವರ್‌ಲೋಡ್, ಎಂದೆ.
ದಂಡ ಹಾಕ್ರಿ ಹಂಗಾರ, ಎಂದಳು
ಬುತ್ತಿ ಬಿಚ್ಚುತ್ತ.

ಗಾಳಿಗೆ ಹಾರಿದ ಮಂಡಕ್ಕಿ ಹಿಡಿಯಲು
ನೀರಿಗೇ ಓಡಿದ ಕಿರಿಯ, ಜಂಬಣ್ಣ,
ಮೊಣಕಾಲ ತನಕ ತೊಯ್ದು ನಿಂತು ಕೇಳಿದ:
"ಅಪ್ಪಾ, ಈ ಡ್ಯಾಮಿನ ನೀರು ತೂಕ ಎಷ್ಟ?"
ಒಂದು ಘನ ಮೀಟರಿಗೆ ಒಂದು ಟನ್ನು,
ಒಂದು ಲಾರಿಗೆ ಹದಿನಾರು ಅಂದುಕೋ,
ಬೆರಳು ಮಡಿಚುತ್ತ ಹೋದೆ.
ತಲೆಯೊಳಗೆ ಲಾರಿಗಳು ಸಾಲು ನಿಂತವು
ತಾರಾನಗರ ದಾಟಿ, ತೋರಣಗಲ್ಲು ದಾಟಿ.
"ಮೀನು ಸೇರಿಸಿ ಹೇಳಬೇಕು ಮತ್ತ," ಅಂದ.
ಲೆಕ್ಕ ಅಲ್ಲೇ ಬಿಟ್ಟೆ.

ಕತ್ತಲಾದ ಮೇಲೆ ಗುಡ್ಡದ ದಾರಿಯಲ್ಲಿ
ದೀಪಗಳು ಒಂದರ ಹಿಂದೊಂದು ಇಳಿದವು,
ನೀರಿನಲ್ಲೂ ಇಳಿದವು, ಸದ್ದಿಲ್ಲದೆ.
ಅಲ್ಲಿಂದ ಇಲ್ಲಿಗೆ ಧೂಳು ಬರಲಿಲ್ಲ,
ಅಥವಾ ಬಂದದ್ದು ಕಾಣಲಿಲ್ಲ.
ಮಕ್ಕಳು ಒಬ್ಬರ ಮೇಲೊಬ್ಬರು ನಿದ್ದೆಹೋದರು,
ತನುಜಾಳ ಹಿಮ್ಮಡಿ ನನ್ನ ಪಕ್ಕೆಗೆ.

ನಾನು ಎಚ್ಚರವಿದ್ದೆ.
ಎರಡು ಗಂಟೆಗೆ ಬರಬೇಕಿತ್ತು.
ಮನೆಯಲ್ಲಾದರೆ ಗಡಿಯಾರವೇ ಬೇಡ;
ಹುಲಿಗೆಮ್ಮ ಎದ್ದು ಕೂತು, ಗೋಡೆ ಹಿಡಿದು,
ಕೆಮ್ಮಿ, ಕೆಮ್ಮಿ, ಸೆರಗಿನಲ್ಲಿ ಒರೆಸಿಕೊಂಡು,
ಬೆಳಿಗ್ಗೆ ಆ ಸೀರೆಯನ್ನು ಬೇರೆ ನೆನೆಸಿಡುತ್ತಾಳೆ
ನಾನು ನೋಡಿಲ್ಲ ಎಂದುಕೊಂಡು.

ಎರಡಾಯಿತು. ಎರಡೂವರೆ.
ನೀರು ಕಲ್ಲಿಗೆ ತಟ್ಟಿ ತಟ್ಟಿ ಹೋಗುತ್ತಿತ್ತು.
ಯಾವುದೋ ಹಕ್ಕಿ ಒಂದೇ ಸಲ ಕೂಗಿ
ಬೇಡವೆಂದು ಬಿಟ್ಟಿತು.
ಮೂರಕ್ಕೆ ನನಗೆ ಭಯವಾಯಿತು.
ಮೂಗಿನ ಹತ್ತಿರ ಬೆರಳು ಹಿಡಿದೆ.
ಉಸಿರು ಬೆಚ್ಚಗೆ, ಸಲೀಸಾಗಿ,
ಖಾಲಿ ಲಾರಿ ಇಳಿಜಾರಿನಲ್ಲಿ ಹೋಗುವಂತೆ.
"ಏನ್ರಿ," ಎಂದಳು, ಕಣ್ಣು ತೆರೆಯದೆ.
"ಏನಿಲ್ಲ. ಸೊಳ್ಳಿ."

ಬೆಳಿಗ್ಗೆ ಡೇರೆ ಎತ್ತಿದರೆ ಕೆಳಗೆ
ಇಬ್ಬನಿ ಮುಟ್ಟದ ಚೌಕ ನೆಲ.
ಜಂಬಣ್ಣ ಅದರೊಳಗೆ ಹೊರಳಿ ಹೊರಳಿ
ಯಾರು ಎಲ್ಲಿ ಮಲಗಿದ್ದರೆಂದು ತೋರಿಸಿದ.
ಅವ್ವನ ಜಾಗ ದೊಡ್ಡದಿತ್ತು.
ಮಡಿಚಿದ ಡೇರೆ ಚೀಲಕ್ಕೆ ಹಿಡಿಯಲೊಲ್ಲದು:
ಮಂಜು, ಕೆಂಪು ಮಣ್ಣು, ಎಲ್ಲೋ ಒಂದು ಮಂಡಕ್ಕಿ.
ತನುಜಾ ಮೇಲೆ ಕೂತು ತುಂಬಿಸಿದಳು.
ಟಂಟಂ ಊರಿನ ತಿರುವಿಗೆ ಬಂದಾಗ
ಹುಲಿಗೆಮ್ಮ ಸೆರಗು ಬಾಯಿಗೆ ಹಿಡಿದಳು,
ರೂಢಿ.

ಸೋಮವಾರ, ಪಾಳಿಗೆ ಮುಂಚೆ, ಯಾರೂ ಇಲ್ಲದಾಗ,
ವಾಪಸು ಕೊಡಬೇಕಾದ ಡೇರೆಯನ್ನು
ಕಾಟಾದ ಹಲಗೆಯ ನಟ್ಟನಡುವೆ ಇಟ್ಟು ಬಂದೆ.
ಅರವತ್ತು ಟನ್ನು ತೂಗುವ ಯಂತ್ರ,
ಇಪ್ಪತ್ತು ಕೆಜಿಯ ಕೆಳಗೆ ಅದಕ್ಕೇನೂ ತಿಳಿಯುವುದಿಲ್ಲ.
ಕೆಂಪು ಸೊನ್ನೆ ಸೊನ್ನೆಯಾಗಿಯೇ ಕೂತಿತ್ತು.
ಆದರೂ ಚೀಟಿ ಹರಿದೆ.
ಸರಕು ಎಂದಿರುವ ಕಡೆ ಏನು ಬರೆಯಲಿ ಎಂದು
ಪೆನ್ನು ಹಿಡಿದು ಕೂತಿದ್ದೆ;
ಮೊದಲ ಲಾರಿ ಹಾರ್ನು ಹೊಡೆಯಿತು.