ಎರಡಕ್ಷರ

ರಾತ್ರಿ ಪಾಳಿ. ಫರ್ವಾನಿಯದ ಲ್ಯಾಬಿನ ಕಿಟಕಿಗೆ
ಧೂಳು ಬಂದು ಒರಗಿದೆ.
ಬಾಟಲಿಯ ಮೇಲೆ ಎರಡೇ ಅಕ್ಷರ: ಐ. ಕೆ.
ಒಳಗೆ ಸುಲೈಮಾನಿ ಚಹದ ಬಣ್ಣ,
ಇನ್ನೂ ಬೆಚ್ಚಗೆ.

ಹೆಸರು ನನಗೆ ಗೊತ್ತು. ಉಳ್ಳಾಲದ ಇದಿನಬ್ಬ,
ಕೆಳಗಿನ ಕೆಫೆಟೇರಿಯದಲ್ಲಿ ಹನ್ನೊಂದು ವರ್ಷ
ನಮಗೆಲ್ಲ ಚಹ ಕೊಟ್ಟವರು.
ಹೋದ ರಂಜಾನಿನ ನಂತರ ತಂಗಿ ಐಸಮ್ಮನ ಮೂತ್ರಪಿಂಡ
ಅವರ ಬಲ ಕಿಬ್ಬೊಟ್ಟೆಗೆ ಬಂತು.
‘ಸಣ್ಣವಳಿರುವಾಗ ನನ್ನ ಮೀನಿನ ತುಂಡು ಕದ್ದು ತಿಂದವಳು,
ಈಗ ಬಡ್ಡಿ ಸಮೇತ ಕೊಟ್ಟಳು’ ಅಂತ ನಕ್ಕಿದ್ದರು,
ಹೊಲಿಗೆ ಹಿಡಿದುಕೊಂಡು.

ಗಾಜಿನ ಮೇಲೆ ಹನಿ. ಬಣ್ಣ. ಕಾಯುವುದು.
ಅಗೋ, ಊದಿದ ಕೋಶ;
ಅದರ ನಡುವಣ ಬೀಜ
ಉಸಿರು ತಾಗಿದ ಕನ್ನಡಿಯ ಹಾಗೆ ಮಬ್ಬು.

ಇದಕ್ಕೂ ಎರಡೇ ಅಕ್ಷರ: ಬಿ. ಕೆ.
ಮೊದಲು ಸಿಕ್ಕಿದ ರೋಗಿಯ ಹೆಸರಿನ ಚೂರು.
ನಮ್ಮಲ್ಲಿ ಹೆಚ್ಚಿನವರೊಳಗೆ ಇದೆಯಂತೆ,
ಹಲ್ಲು ಬೀಳುವ ವಯಸ್ಸಿಗೇ ಬಂದು
ಇಕಾಮಾ ಕೇಳುವವರಿಲ್ಲದೆ ಉಳಿದುಬಿಟ್ಟದ್ದು.
ಕಾವಲು ಸಡಿಲಾದರೆ ಏಳುತ್ತದೆ.

ಸಡಿಲಿಸಿದವರು ನಾವೇ,
ಅಣ್ಣನ ಮೈ ತಂಗಿಯನ್ನು ಹೊರದಬ್ಬದಿರಲಿ ಎಂದು.
ಗುಳಿಗೆ ಇಳಿಸಿದರೆ ಇದು ಮಲಗೀತು.
ಅವಳು ನಿಲ್ಲುವಳೆ?

ಕ್ಯಾನ್ಸರಿಗೂ ನಂಟು ಉಂಟೇ ಎಂದರೆ
ಡಾಕ್ಟರು ಕನ್ನಡಕ ಒರೆಸಿ ‘ಇರಬಹುದು’ ಅನ್ನುತ್ತಾರೆ.
ವರದಿಯಲ್ಲಿ ಆ ಪದಕ್ಕೆ ಖಾನೆಯಿಲ್ಲ.
ಎಣಿಸಿದೆ: ಏಳು.
ಮತ್ತೊಮ್ಮೆ ಎಣಿಸಿದೆ.

ನಾಲ್ಕಕ್ಕೆ ಕೆಳಗಿಳಿದರೆ
ಹೊಸ ಹುಡುಗ ಸಕ್ಕರೆ ಮರೆತಿದ್ದ.
ಹೇಳಲಿಲ್ಲ.
ಕುಡಿದೆ.