ಮೂರನೇ ಸಾಲು

ಲಿಯೆಪಾಯಾದಲ್ಲಿ ಮಾರ್ಚಿಯ ಗಾಳಿಗೆ
ಬಾಗಿಲು ತಟ್ಟುವ ಸಂಕೋಚವಿಲ್ಲ.
ಬೆಳಗಿನಿಂದ ನಾಲ್ವರು ಬಂದುಹೋದರು,
ನಾಲ್ವರ ಕೂದಲೂ ಒಂದೇ ದಿಕ್ಕಿಗೆ ವಾಲಿತ್ತು.

ನನ್ನ ಪ್ರಶ್ನೆಯೂ ಒಂದೇ, ನಾಲ್ಕು ವರ್ಷದಿಂದ:
ಇಂದು ಬಂದರಿಗೆ ಬಂದ ಹಡಗುಗಳ ಪಟ್ಟಿ ಇದು,
ಎಲ್ಲಕ್ಕಿಂತ ಭಾರದ್ದನ್ನು ಹುಡುಕಿಕೊಡುವ
ಹತ್ತು ಸಾಲಿನ ಪ್ರೋಗ್ರಾಂ ಬರೆಯಿರಿ.
ಮಾದರಿ ಉತ್ತರ ಫೈಲಿನಲ್ಲಿದೆ. ಜ್ವರವಿದ್ದ ಒಂದು ಸಂಜೆ
ನಾನೇ ಬರೆದದ್ದು, ಮೇಲೊಂದು ಕಾಫಿಯ ಉಂಗುರ.
ಮೂರನೇ ಸಾಲು ಹೇಳುತ್ತದೆ: ಮೊದಲ ಹಡಗನ್ನೇ
ಸದ್ಯಕ್ಕೆ ಭಾರದ್ದೆಂದುಕೋ, ಆಮೇಲೆ ಉಳಿದವನ್ನು ತೂಗು.

ಐದನೆಯವರು ತಾಲಿವಾಲ್ದಿಸ್ ಸ್ಟ್ರೌಟ್ಮಾನಿಸ್.
ಐವತ್ತೇಳು ವಯಸ್ಸು. ಇಪ್ಪತ್ತೆರಡು ವರ್ಷ ಬಂದರಿನ ಗುಮಾಸ್ತ,
ರಾತ್ರಿ ಶಾಲೆಯಲ್ಲಿ ಎಂಟು ತಿಂಗಳ ಪೈಥಾನ್.
ಅಂಗಿಯ ತೋಳಿನಲ್ಲಿ ಇಸ್ತ್ರಿಯ ಗೆರೆ ಎರಡು ಕಡೆ ಬಿದ್ದಿತ್ತು,
ಬೇರೆ ಯಾರೂ ಮಾಡಿಕೊಟ್ಟದ್ದಲ್ಲ.

ಮಾರ್ಕರ್ ಒಣಗಿತ್ತು. ಅವರು ದೂರಲಿಲ್ಲ.
ಮುಚ್ಚಳ ಹಾಕಿ, ತಲೆಕೆಳಗೆ ಹಿಡಿದು,
ಶಾಯಿ ಇಳಿಯಲೆಂದು ಕಾದರು.
ನಾನು ಗಡಿಯಾರ ನೋಡಿದೆ; ನೋಡಿದ್ದನ್ನು ಅವರು ನೋಡಿದರು.
ಆಮೇಲೆ ಎರಡು ಸಾಲು, ಲೆಕ್ಕದ ಪುಸ್ತಕದ ಅಕ್ಷರ,
ಸೊನ್ನೆಗೆ ಅಡ್ಡಗೆರೆ ಎಳೆಯುವ ಹಳೆಯ ರೂಢಿ.
ಮೂರನೆಯದಕ್ಕೆ ಕೈ ನಿಂತಿತು.

"ಬಿರುಗಾಳಿಯ ದಿನ?" ಎಂದರು.
ಏನು ಬಿರುಗಾಳಿ?
"ಒಂದು ಹಡಗೂ ಒಳಗೆ ಬಾರದ ದಿನ.
ವರ್ಷಕ್ಕೆ ನಾಲ್ಕೈದು ಇರುತ್ತವೆ ಅಂಥವು. ಪಟ್ಟಿಯೇ ಖಾಲಿ.
ಆಗ ಮೊದಲನೆಯದು ಅಂತ ಯಾವುದನ್ನು ಹಿಡಿದುಕೊಳ್ಳೋದು?
ನಾವು ಅಂಥ ದಿನವೂ ಪುಸ್ತಕ ತೆರೆದು, ತಾರೀಖು ಹಾಕಿ,
'ಇಲ್ಲ' ಅಂತ ಬರೆದು ಸಹಿ ಮಾಡುತ್ತಿದ್ದೆವು.
ಬರೆಯದಿದ್ದರೆ ಮಾರನೆಯ ದಿನ ಕೇಳುತ್ತಿದ್ದರು:
ಹಡಗು ಬರಲಿಲ್ಲವೋ, ನೀನು ಬರಲಿಲ್ಲವೋ?"

ಫೈಲು ತೆರೆದೆ. ಮೂರನೇ ಸಾಲು
ಬುಡವಿಲ್ಲದ ಮೆಟ್ಟಿಲು.
ನಲವತ್ತೊಂದು ಜನ ಅದರ ಮೇಲೆ ಕಾಲಿಟ್ಟು ದಾಟಿದ್ದಾರೆ,
ಹನ್ನೊಂದು ಜನ ಇದೇ ಮಹಡಿಯಲ್ಲಿ ಕೂತು
ಮಧ್ಯಾಹ್ನ ನನ್ನ ಜೊತೆ ಊಟ ಮಾಡುತ್ತಾರೆ.

ಆಗ ನೆನಪಾದದ್ದು ಎವಿಯಾ.
ಎರಡು ಚಳಿಗಾಲದ ಹಿಂದೆ, ಇದೇ ಬೋರ್ಡು.
ಹಸಿರು ಸ್ವೆಟರಿನ ತೋಳನ್ನು ಬೆರಳಿನವರೆಗೂ ಎಳೆದುಕೊಂಡು
ಇಲ್ಲೇ, ಎರಡು ಸಾಲಿನ ಕೆಳಗೆ, ನಿಂತುಬಿಟ್ಟಳು.
"ಏನೂ ಇಲ್ಲದಿದ್ದರೆ?" ಅಂದಳು, ಬೋರ್ಡಿಗೆ ಹೇಳಿದಂತೆ.
ತನ್ನ ತಲೆಯ ಮಾತು ಆಡುತ್ತಿದ್ದಾಳೆ ಎಂದುಕೊಂಡು
ನೀರಿನ ಲೋಟ ಮುಂದೆ ಸರಿಸಿದ್ದೆ,
ಗಾಬರಿ ಬೇಡ, ಸಮಯವಿದೆ, ಎಂದಿದ್ದೆ ದೊಡ್ಡವಳ ಹಾಗೆ.
ಅವಳು ನೀರು ಕುಡಿದಳು. ಉಪಕಾರವಾಯಿತು ಅಂದಳು.
ನಾನು ಬರೆದದ್ದು: ಸೌಮ್ಯ. ನಿಧಾನ. ಬೇಡ.

ತಾಲಿವಾಲ್ದಿಸ್ ಆರನೇ ಸಾಲಿಗೆ ಬರುವಷ್ಟರಲ್ಲಿ ಹೊತ್ತು ಮೀರಿತು.
ಪ್ರೋಗ್ರಾಂ ಅರ್ಧ. ಒಂದು ಆವರಣ ಮುಚ್ಚಿಲ್ಲ.
ಮುಂದಿನವರಿಗೆಂದು ಮಾರ್ಕರನ್ನು ಮೂತಿ ಕೆಳಗಾಗಿಸಿ ನಿಲ್ಲಿಸಿ,
ಕೋಟಿನ ಗುಂಡಿ ಹಾಕುತ್ತಾ ಹೇಳಿದರು:
"ತಿಳಿಸುವುದಾದರೆ ಕಾಗದ ಬರೆಯಿರಿ,
ಫೋನು ಮಗಳ ಹತ್ತಿರ ಇರುತ್ತದೆ."

ಫಾರಮ್ಮಿನಲ್ಲಿ ವೇಗಕ್ಕೆ ಐದು ಚೌಕ, ಅಚ್ಚುಕಟ್ಟಿಗೆ ಐದು.
ಬಿರುಗಾಳಿಗೆ ಜಾಗವಿಲ್ಲ.
ಅಂಚಿನಲ್ಲಿ ತಾರೀಖು ಬರೆದೆ, ಅಷ್ಟೇ.

ಆರನೆಯವನು ಹುಡುಗ. ಕೂದಲು ಅದೇ ದಿಕ್ಕಿಗೆ.
ಪ್ರಶ್ನೆಯನ್ನು ತಿದ್ದದೆ ಕೊಟ್ಟೆ, ಹಳೆಯ ದನಿಯಲ್ಲೇ,
ಕುರ್ಚಿಯ ತುದಿಗೆ ಸರಿದು
ಮೂರನೇ ಸಾಲಿಗಾಗಿ ಕಾದೆ.
ಕೈ ನಿಲ್ಲಲಿಲ್ಲ. ಮಾರ್ಕರಿನಲ್ಲಿ ಈಗ ಶಾಯಿ ಧಾರಾಳ.
ಹತ್ತೂ ಸಾಲು ಮುಗಿದವು, ನನ್ನ ಫೈಲಿನಲ್ಲಿರುವ ಹಾಗೇ,
ಅಕ್ಷರ ಅಕ್ಷರ.

"ಸರಿಯಿದೆಯಾ?" ಎಂದು ತಿರುಗಿ ನಕ್ಕ.

ಕಿಟಕಿಯಾಚೆ ಬಂದರಿನ ಕ್ರೇನುಗಳು.
ಇವತ್ತು ಹಡಗು ಬಂದಿದೆಯೋ ಇಲ್ಲವೋ,
ಬೆಳಗಿನಿಂದ ನಾನು ಹೊರಗೆ ನೋಡೇ ಇರಲಿಲ್ಲ.